ಮೈಲವ್ವನ ಕಂಬಳಿ ಸುಡಲಿಲ್ಲ

ಆಪರೇಷನ್ ಥಿಯೇಟರಿಗೆ ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ಕಂಡರೆ ಕೇಳುವುದು ಒಂದೇ ಮಾತು. "ಮೇಡಂ, ರಕ್ತ ನೋಡಿ ನಿಮಗೆ ಹೆದರಿಕೆ ಆಗ್ತಿರಲಿಲ್ವಾ?" ರಕ್ತಕ್ಕೆ ಎಂಟು ದಿನದಲ್ಲಿ ಕಣ್ಣು ಒಗ್ಗುತ್ತದೆ ಕಣ್ರೇ. ಇಡೀ ಸರ್ವೀಸು ಮುಗಿದರೂ ನನಗೆ ಒಗ್ಗದೆ ಉಳಿದದ್ದು ಹಲ್ಲು ಕಟಕಟಿಸುವ ಸದ್ದು.

ಸಿಜೇರಿಯನ್ ಮುಗಿಯುತ್ತಾ ಬಂದಿರುತ್ತದೆ. ಮಗು ಅತ್ತಾಗಿದೆ, ಒರೆಸಿ ಬಟ್ಟೆ ಸುತ್ತಿಯಾಗಿದೆ, ಡಾಕ್ಟರು ಹೊಲಿಗೆ ಹಾಕುತ್ತಿದ್ದಾರೆ. ತಾಯಿಗೆ ಎಚ್ಚರವಿದೆ. ಬೆನ್ನಿಗೆ ಕೊಟ್ಟ ಸೂಜಿಯಿಂದ ಎದೆಯ ಕೆಳಗೆ ಅವಳಿಗೆ ಏನೂ ಗೊತ್ತಾಗುವುದಿಲ್ಲ, ಅಷ್ಟೇ. ಇದ್ದಕ್ಕಿದ್ದಂತೆ ಅವಳ ದವಡೆ ಅದುರಲು ಶುರುವಾಗುತ್ತದೆ. ಆಮೇಲೆ ಭುಜ, ತೋಳು. ಕಾಲು ಮಾತ್ರ ಕೊರಡಿನ ಹಾಗೆ ಬಿದ್ದಿರುತ್ತವೆ. ಬಿ.ಪಿ. ನೋಡಲು ಬರುವುದಿಲ್ಲ, ಬೆರಳಿಗೆ ಹಾಕಿದ ಕ್ಲಿಪ್ಪು ಸುಳ್ಳು ಅಂಕಿ ತೋರಿಸುತ್ತದೆ. ಒಂಬತ್ತು ತಿಂಗಳು ಹೊತ್ತ ಮಗುವನ್ನು ಮುಖದ ಹತ್ತಿರ ತಂದರೆ ಮುಟ್ಟಲಿಕ್ಕೆ ಕೈ ನಿಲ್ಲುವುದಿಲ್ಲ.

ನಾನು ಗಿರಿಜಮ್ಮ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರಿನ ನೀರು ಕುಡಿದ ನರ್ಸು. ಯಾವ ವರ್ಷ ಯಾವ ಬಡ್ತಿ ಬಂತು ಎಂದು ಬರೆಯುವುದಿಲ್ಲ, ಅದರಿಂದ ನೀವು ಕಲಿಯುವಂಥದ್ದು ಏನೂ ಇಲ್ಲ. ಈಗ ಹೇಳುವ ಸಂಗತಿ ನಡೆದದ್ದು ಈ ಐದರಲ್ಲಿ ಯಾವ ಊರಿನ ಆಸ್ಪತ್ರೆಯಲ್ಲಿ ಎಂದೂ ಹೇಳುವುದಿಲ್ಲ. ತಪ್ಪು ನನ್ನದು, ಊರಿನದಲ್ಲ.

ಮೊದಲ ವರ್ಷ ಒಬ್ಬ ಬಾಣಂತಿ ಟೇಬಲ್ಲಿನ ಮೇಲೆ ಹಾಗೆ ನಡುಗಿದಾಗ ನಾನು ಗಾಬರಿಯಿಂದ ನಮ್ಮ ದೊಡ್ಡ ಸಿಸ್ಟರ ಮುಖ ನೋಡಿದೆ. ಅವರು ಥಿಯೇಟರಿನ ಉಸ್ತುವಾರಿ, ನನಗೆ ಕೆಲಸ ಕಲಿಸಿದವರು. "ನನ್ನ ಮುಖ ಏನ್ ನೋಡ್ತಿ? ಕೈ ಹಿಡ್ಕೊ. ಅದು ಹಂಗ ನಡಗಿ ಹಂಗ ನಿಂದರತೈತಿ" ಎಂದರು. ಎರಡೂ ಕೈ ಒತ್ತಿ ಹಿಡಿದುಕೊಂಡೆ. ಬಾಣಂತಿ ಹಲ್ಲಿನ ಸಂದಿಯಿಂದ ಕೇಳಿದಳು, "ಸಿಸ್ಟ್ರಮ್ಮ, ನಾ ಸಾಯಾಕತ್ತೀನೇನ್ರಿ?" ಇಲ್ಲವ್ವ ಎಂದೆ. ಅವಳು ನಂಬಲಿಲ್ಲ. ನಂಬುವುದು ಹೇಗೆ, ಕಟ್ಟಿ ಹಾಕಿದವರ ಹಾಗೆ ಕೈ ಹಿಡಿದು ನಿಂತವಳ ಮಾತನ್ನು?

ನಿಂತು ಹೋಗುತ್ತದೆ ಎನ್ನುವುದು ನಿಜ. ಎಷ್ಟೋ ಸಂಕಟಗಳು ತಾವಾಗಿ ನಿಂತು ಹೋಗುತ್ತವೆ. ಅದಕ್ಕೇ ನಾವು ಅವನ್ನು ಲೆಕ್ಕಕ್ಕೆ ಇಡುವುದಿಲ್ಲ.

ಇದು ನಿಲ್ಲುವ ತನಕ ಕಾಯುವ ಸಂಗತಿಯಲ್ಲ, ಬಾರದ ಹಾಗೆ ನೋಡಿಕೊಳ್ಳುವ ಸಂಗತಿ ಎಂದು ನನಗೆ ಹೇಳಿಕೊಟ್ಟವರು ಮತ್ತಿನ ಡಾಕ್ಟರು. ಅರಿವಳಿಕೆ ತಜ್ಞರು ಎನ್ನುವುದು ಕಾಗದದ ಹೆಸರು, ನಮ್ಮ ಕಡೆ ಎಲ್ಲರೂ ಮತ್ತಿನ ಡಾಕ್ಟರು ಎಂದೇ ಕರೆಯುವುದು. ಆಗ ಈ ಕಡೆಗೆಲ್ಲ ಅವರೊಬ್ಬರೇ. ಮೋಟಾರ್ ಸೈಕಲ್ಲಿಗೆ ಒಂದು ಚೀಲ ಸಿಕ್ಕಿಸಿಕೊಂಡು ಬೆಳಿಗ್ಗೆ ಒಂದೂರು, ಮಧ್ಯಾಹ್ನ ಇನ್ನೊಂದೂರು ತಿರುಗುವರು. ಮುಖಕ್ಕೆ ಸುತ್ತಿದ ಟವೆಲ್ಲು ಬಿಚ್ಚಿದರೆ ಕಣ್ಣಿನ ಸುತ್ತ ಮಾತ್ರ ಕೆಂಪು ಧೂಳು. ಮಾತು ದಾವಣಗೆರೆ ಕಡೆಯದು.

"ನೋಡಮ್ಮ ಗಿರಿಜಮ್ಮ" ಎಂದು ಒಂದು ದಿನ ಟೀ ಕುಡಿಯುತ್ತಾ ಬಿಡಿಸಿ ಹೇಳಿದರು. "ನಾನು ಬೆನ್ನಿಗೆ ಸೂಜಿ ಹಾಕಿದ ತಕ್ಷಣ ಕಾಲಿನ ರಕ್ತನಾಳ ಎಲ್ಲ ಅಗಲ ಆಗ್ತವೆ. ಹೊಟ್ಟೆ ಎದೆ ಒಳಗಿನ ಬಿಸಿ ಕಾಲಿಗೆ ಇಳಿದು ಹೋಗುತ್ತೆ. ಮೇಲಿಂದ ನೀವು ತಣ್ಣನೆ ಸಲೈನ್ ಬಿಡ್ತೀರಿ, ತಣ್ಣನೆ ಔಷಧಿ ಹಚ್ಚಿ ಒರೆಸ್ತೀರಿ, ಎ.ಸಿ. ಹಾಕ್ತೀರಿ. ಮೈ ಬಿಸಿ ಮಾಡಿಕೊಳ್ಳೋಕೆ ನಡುಗದೆ ಇನ್ನೇನು ಮಾಡುತ್ತೆ? ಕಾಲು ನಡುಗೋ ಹಾಗಿಲ್ಲ, ಅದಕ್ಕೆ ಮೇಲಿನ ಅರ್ಧವೇ ಎರಡರಷ್ಟು ನಡುಗುತ್ತೆ. ನಡುಕ ಬಂದ ಮೇಲೆ ಹೊದಿಸೋದು ಅಂದ್ರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ."

ಸೂಜಿಗೆ ಮೊದಲೇ ಬಸುರಿಯನ್ನು ಬೆಚ್ಚಗೆ ಹೊದಿಸಿ ಕೂರಿಸಬೇಕು, ಸಲೈನನ್ನು ಉಗುರು ಬೆಚ್ಚಗೆ ಮಾಡಬೇಕು, ಮಗು ಹೊರಗೆ ಬರುವ ತನಕವಾದರೂ ಎ.ಸಿ. ಆರಿಸಬೇಕು. ಇಷ್ಟೇ ಅವರು ಕೇಳಿದ್ದು. ಇಷ್ಟಕ್ಕೂ ನಾವು ಸಿದ್ಧರಿರಲಿಲ್ಲ. ಆಪರೇಷನ್ ಮಾಡುವ ಡಾಕ್ಟರು ದಪ್ಪ ಮನುಷ್ಯ, ಗೌನು ಹಾಕಿಕೊಂಡರೆ ಬೆವರು ಧಾರಾಕಾರ. ನಾನು ಎ.ಸಿ. ಆರಿಸಿದರೆ ಅವರು "ಯಾರ್ರೀ ಅದು? ಪೇಶಂಟಿಗೆ ಚಳಿ ಅಂತ ನನ್ನನ್ನ ಬೇಯಿಸ್ತೀರಾ?" ಎಂದು ಗದರುವರು. ನಾನು ಮತ್ತೆ ಹಾಕುವೆ. ಅವರ ಬೆವರು ಕಣ್ಣಿಗೆ ಕಾಣುತ್ತಿತ್ತು, ಒಳಗಿಂದ ಇಳಿದು ಹೋಗುವ ಬಿಸಿ ಯಾರಿಗೂ ಕಾಣುತ್ತಿರಲಿಲ್ಲ.

ಔಷಧಿಯ ಕಥೆಯೂ ಹಾಗೇ. ಮೊದಲು ಪೆಥಿಡಿನ್ ಎಂಬ ಇಂಜೆಕ್ಷನ್ ಇತ್ತು, ಕೊಟ್ಟರೆ ನಡುಕ ನಿಲ್ಲುತ್ತಿತ್ತು. ಆದರೆ ಅದು ನಶೆಯ ಔಷಧಿಯಾದ್ದರಿಂದ ಎರಡು ಬೀಗದ ಕಪಾಟಿನಲ್ಲಿ. ಒಂದು ಕೀಲಿ ದೊಡ್ಡ ಸಿಸ್ಟರ ಸೊಂಟದಲ್ಲಿ, ಇನ್ನೊಂದು ಡಾಕ್ಟರ ಮೇಜಿನಲ್ಲಿ. ಎರಡೂ ಕೂಡುವ ಹೊತ್ತಿಗೆ ಬಾಣಂತಿ ನಡುಗಿ ನಡುಗಿ ಸೋತಿರುತ್ತಿದ್ದಳು. ಆಮೇಲೆ ಟ್ರಮಡಾಲ್ ಬಂತು. ನಿಧಾನವಾಗಿ ಬಿಡಬೇಕಾದ ಆ ಇಂಜೆಕ್ಷನನ್ನು ನಾನು ಒಂದು ಸಲ ಆತುರದಲ್ಲಿ ಒಂದೇ ಏಟಿಗೆ ತಳ್ಳಿದೆ. ಹೊಟ್ಟೆ ಇನ್ನೂ ತೆರೆದಿತ್ತು. ಬಾಣಂತಿ ಅಂಗಾತ ಮಲಗಿದಲ್ಲೇ ವಾಂತಿ ಮಾಡಿಕೊಂಡಳು. ಮತ್ತಿನ ಡಾಕ್ಟರು ಅವಳ ತಲೆ ಪಕ್ಕಕ್ಕೆ ತಿರುಗಿಸಿ ಬಾಯಿ ತೆರೆಸಿ ಬಳಿದು ತೆಗೆಯದೇ ಇದ್ದಿದ್ದರೆ ಅದು ಉಸಿರಿಗೆ ಸೇರುತ್ತಿತ್ತು. ಅವರು ಬೈಯಲಿಲ್ಲ. ಕೈ ತೊಳೆಯುವಾಗ "ಅವಸರವೇ ಅಪಾಯ ಅಂತ ಲಾರಿ ಮೇಲೂ ಬರೆದಿರ್ತಾರಲ್ಲ ಗಿರಿಜಮ್ಮ" ಎಂದರು, ಅಷ್ಟೇ.

ಆದರೂ ಜನ ನನ್ನ ಕೈಗುಣ ಚೆನ್ನಾಗಿದೆ ಎನ್ನುತ್ತಿದ್ದರು. ಗಿರಿಜಮ್ಮ ಸಿಸ್ಟರ್ ಮುಟ್ಟಿದರೆ ಹೆರಿಗೆ ಹಗುರ, ಹೊಲಿಗೆ ಕೀವಾಗುವುದಿಲ್ಲ ಎಂದು ಹಳ್ಳಿ ಹಳ್ಳಿಯಲ್ಲಿ ಮಾತು. ನನ್ನ ಡ್ಯೂಟಿ ಯಾವಾಗ ಎಂದು ಕೇಳಿಕೊಂಡು ಬರುವವರಿದ್ದರು. ಅದನ್ನು ಕೇಳಿ ನಾನು ಉಬ್ಬುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಹಾಗೆ ಕೇಳಿಕೊಂಡು ಬಂದವರಲ್ಲಿ ಚಿಗಟೇರಿ ಕಡೆಯ ಮೈಲವ್ವ ಒಬ್ಬಳು. ಈಗ್ಗೆ ಇಪ್ಪತ್ತು ವರ್ಷದ ಮಾತು. ಕುರಿ ಕಾಯುವ ಮನೆತನ. ಸೊಸೆ ಕೆಂಚಮ್ಮನಿಗೆ ಚೊಚ್ಚಿಲ. ಮಗು ಅಡ್ಡ ಮಲಗಿತ್ತು, ಸಿಜೇರಿಯನ್ ಆಗಲೇಬೇಕು. ಕೆಂಚಮ್ಮನ ಪಾದಗಳನ್ನು ನಾನು ಟೇಬಲ್ಲಿನ ಮೇಲೆ ಸರಿ ಮಾಡುವಾಗ ನೋಡಿದ್ದು ನೆನಪಿದೆ. ಗಂಡನ ಜೊತೆ ಕುರಿ ಹಿಂಡಿನ ಹಿಂದೆ ವರ್ಷದಲ್ಲಿ ಆರು ತಿಂಗಳು ನಡೆಯುವ ಪಾದ. ಗಟ್ಟಿ, ಅಗಲ, ಒಂದು ಬಿರುಕಿಲ್ಲ.

ಮೈಲವ್ವ ಥಿಯೇಟರಿನ ಬಾಗಿಲಲ್ಲಿ ಒಂದು ಕರಿ ಕಂಬಳಿ ಹಿಡಿದು ನಿಂತಿದ್ದಳು.

"ಸಿಸ್ಟ್ರಮ್ಮ, ಇದನ್ನ ಒಳಗ ಒಯ್ರಿ. ಮೈಲಾರಲಿಂಗನ ಗದ್ದಿಗಿಗೆ ಹಾಸಿದ ಕಂಬಳಿ. ನಮ್ಮ ಮನ್ಯಾಗ ಬಾಣಂತಿಗೆ ಮೊದಲು ಇದನ್ನ ಹೊದ್ದಿಸಿದ ಮ್ಯಾಲ ಕೂಸು ಕೈಗೆ ಕೊಡೋದು."

"ಥಿಯೇಟರಿಗೆ ಕಂಬಳಿ ತರ್ತೀಯೇನಬೇ? ಕುರಿ ವಾಸನಿ ಹೊಡಿಯಾಕತ್ತೈತಿ. ತಗದು ಹೊರಗ ಹಾಕು" ಎಂದೆ.

"ಒಗದು ಬಿಸಿಲಿಗೆ ಹಾಕಿ ತಂದೀನ್ರಿ."

ನಾನು ಅವಳ ಕೈಯಿಂದ ಕಸಿದು ಹೊರಗಿನ ಕಾಂಪೌಂಡ್ ಗೋಡೆಯ ಮೇಲೆ ಎಸೆದು ಬಂದೆ. ಥಿಯೇಟರಿನ ಒಳಗೆ ಹಾಗೇ ಕಂಬಳಿ ತರಬಾರದು ನಿಜ. ಆದರೆ ಸೂಜಿ ಕೊಡುವ ಮುಂಚೆ ಹೊರಗಿನ ಕೋಣೆಯಲ್ಲಿ ಅರ್ಧ ಗಂಟೆ ಅದನ್ನು ಹೊದಿಸಿ ಕೂರಿಸಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಮತ್ತಿನ ಡಾಕ್ಟರು ಕೇಳುತ್ತಿದ್ದದ್ದೂ ಅದನ್ನೇ. ಒಬ್ಬ ಕುರಿಗಾಹಿ ಹೆಂಗಸು ಅದನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದಿದ್ದಳು.

ಹೊರಗೆ ಹಂಚು ಕಾದಂಥ ಬಿಸಿಲು. ಒಳಗೆ ಎ.ಸಿ. ಹೆಣ್ಣು ಮಗು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಹೊಲಿಗೆ ಶುರುವಾಗುವ ಹೊತ್ತಿಗೆ ಕೆಂಚಮ್ಮ ನಡುಗತೊಡಗಿದಳು. ಆ ಪರಿಯ ನಡುಕ ನಾನು ಹಿಂದೆ ಕಂಡಿರಲಿಲ್ಲ. ಟೇಬಲ್ಲೇ ಕಿರುಗುಟ್ಟುತ್ತಿತ್ತು. ಮತ್ತಿನ ಡಾಕ್ಟರು ಇದ್ದ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ. ಅವರಿಗೆ ಹಡಗಲಿಯಲ್ಲಿ ಇನ್ನೊಂದು ಕೇಸು ಕಾದಿತ್ತು. ಬಿ.ಪಿ. ನೋಡಿ, "ಬೆಚ್ಚಗೆ ಇಡಿ, ಸಲೈನ್ ಬೆಚ್ಚಗೆ ಮಾಡಿ ಬಿಡಿ" ಎಂದು ಹೇಳಿ ಹೊರಟರು.

ಥಿಯೇಟರಿನ ಪಕ್ಕದ ಸಣ್ಣ ಕೋಣೆಗೆ ಅವಳನ್ನು ಸಾಗಿಸಿದೆವು. ಸಲೈನಿಗೆ ಆಗಲೇ ಪ್ಲಾಸ್ಟಿಕ್ ಬಾಟಲಿ ಬಂದಿದ್ದರೂ ನಾವು ಹಳೆಯ ಗಾಜಿನವು ನಾಲ್ಕಾರು ಎತ್ತಿಟ್ಟುಕೊಂಡಿದ್ದೆವು, ಬಿಸಿನೀರು ತುಂಬಿ ಕಾವು ಕೊಡಲಿಕ್ಕೆ. ಸಾಮಾನು ಕುದಿಸುವ ಪಾತ್ರೆಯಿಂದಲೇ ಎರಡು ಬಾಟಲಿಗೆ ನೀರು ತುಂಬಿದೆ. ರಬ್ಬರ್ ಬಿರಡೆ ಹಾಕಿ, ಒಂದು ತೆಳು ಬಟ್ಟೆ ಸುತ್ತಿ, ಅವಳ ಎರಡೂ ಹಿಮ್ಮಡಿಗೆ ತಾಗಿಸಿ ಇಟ್ಟು ಮೇಲೆ ಬೆಡ್‌ಶೀಟ್ ಎಳೆದೆ. ಬಿಸಿ ಎಷ್ಟಿದೆ ಎಂದು ಮುಟ್ಟಿ ನೋಡಿದ್ದೆ. ಕೈಗವಸು ಹಾಕಿಕೊಂಡೇ ಮುಟ್ಟಿದ್ದೆ, ಒಂದರ ಮೇಲೊಂದು ಎರಡು ಜೊತೆ. ಅವಳಿಗೆ ಕಾಲಲ್ಲಿ ಜೀವವಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ನಡುಗುವವಳನ್ನು ಬೆಚ್ಚಗೆ ಮಾಡಬೇಕು ಎನ್ನುವುದೊಂದೇ ತಲೆಯಲ್ಲಿತ್ತು.

ಒಂದು ಗಂಟೆ ಹಾಗೇ ಇದ್ದವು. ಮಂಪರಿನಲ್ಲಿದ್ದ ಅವಳು ಒಂದು ಸಲವೂ ಉರಿ ಎನ್ನಲಿಲ್ಲ. ಎನ್ನುವುದಾದರೂ ಹೇಗೆ? ವಾರ್ಡಿಗೆ ಕಳಿಸುವ ಮುಂಚೆ ಶೀಟಿನ ಪಕ್ಕದಿಂದ ಕೈ ಹಾಕಿ ಬಾಟಲಿ ತೆಗೆದೆ. ಪಾದ ನೋಡಲಿಲ್ಲ. ನಡುಕ ಇನ್ನೂ ಇತ್ತು.

ವಾರ್ಡಿನಲ್ಲಿ ಮೈಲವ್ವ ಗೋಡೆಯ ಮೇಲಿಂದ ಕಂಬಳಿ ತಂದಳು. ಬಿಸಿಲಿಗೆ ಬಿದ್ದು ಬೆಚ್ಚಗಿತ್ತು. ಸೊಸೆಯ ಕುತ್ತಿಗೆಯಿಂದ ಪಾದದ ತನಕ ಸುತ್ತಿ, ಪಾದದ ಕಡೆ ಎರಡು ಮಡಿಕೆ ಹಾಕಿ, ಮೇಲೆ ಕೈ ಇಟ್ಟು ಕುಳಿತಳು. ಈ ಸಲ ನಾನು ತಡೆಯಲಿಲ್ಲ. ಸ್ವಲ್ಪ ಹೊತ್ತಿಗೇ ನಡುಕ ನಿಂತಿತು. ಕೆಂಚಮ್ಮ ಮೊದಲ ಸಲ ಮಗುವನ್ನು ಕೈಯಲ್ಲಿ ಹಿಡಿದಳು.

ಸಂಜೆ ಕಾಲಿಗೆ ಸ್ಪರ್ಶ ಬಂತು, ಅವಳು ಚೀರಿದಳು. ಎರಡೂ ಹಿಮ್ಮಡಿ ಬೊಬ್ಬೆ ಎದ್ದು ಒಡೆದಿದ್ದವು. ಬಲಗಾಲಿನದು ಆಳದ ತನಕ.

ಆಪರೇಷನ್ ಮಾಡಿದ ಡಾಕ್ಟರು, ದೊಡ್ಡ ಸಿಸ್ಟರ್, ಕೆಂಚಮ್ಮನ ಗಂಡ ಎಲ್ಲ ಸುತ್ತ ನಿಂತರು. ಏನು ಇಟ್ಟಿದ್ರಿ ಎಂದು ಡಾಕ್ಟರು ಕೇಳಿದರು. ದೊಡ್ಡ ಸಿಸ್ಟರಿಗೆ ಬಾಟಲಿಯ ವಿಷಯ ಗೊತ್ತಿತ್ತು. ನನ್ನ ಕಡೆ ಒಮ್ಮೆ ನೋಡಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಅಂದರು, "ಬಿಸಿಲಾಗ ಕಾದ ಕಂಬಳಿ ಸುತ್ತಿದ್ರು ಸರ್ ಇವರು. ಮರಗಟ್ಟಿದ ಕಾಲು. ನಾವು ಬ್ಯಾಡ ಅಂದ್ವಿ, ಗಿರಿಜಮ್ಮ ಕಂಬಳಿ ಹೊರಗೂ ಹಾಕಿದ್ಲು."

ಎಲ್ಲ ನನ್ನ ಮುಖ ನೋಡಿದರು. ಹೌದು ಎಂದು ನಾನು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಕೆಲಸ ಹೋಗುತ್ತದೆ ಎಂಬ ಭಯ ಇತ್ತು. ಅದಕ್ಕಿಂತ ಹೆಚ್ಚು, ಕೈಗುಣದ ಗಿರಿಜಮ್ಮ ಎಂಬ ಹೆಸರು ಹೋಗುತ್ತದೆ ಎಂಬ ಭಯ.

ಮಗ ತಾಯಿಗೆ ಎಲ್ಲರೆದುರು ಅಂದ, "ಯವ್ವಾ, ಆಕಿ ಕಾಲು ಸುಟ್ಟು ಬಿಟ್ಟೆಲ್ಲ. ಇನ್ನ ಕುರಿ ಹಿಂದ ಹೆಂಗ ನಡೀತಾಳ ಆಕಿ?"

ಮೈಲವ್ವ ಕಂಬಳಿಯನ್ನು ಎತ್ತಿ ಮೂಸಿ ನೋಡಿದಳು, ತನ್ನ ಕೆನ್ನೆಗೆ ಹಚ್ಚಿ ನೋಡಿದಳು. "ನನಗ ಅಷ್ಟು ಬಿಸಿ ಅನ್ನಿಸಲಿಲ್ಲಪ್ಪ" ಎಂದಳು. ಆಮೇಲೆ ತನ್ನ ಕೈ ನೋಡಿಕೊಂಡಳು. "ಕುರಿ ಕಾದ ಕೈ, ಒರಟು. ನನಗ ಗೊತ್ತಾಗಿಲ್ಲೇನ" ಎಂದಳು.

ಎರಡು ದಿನ ಬಿಟ್ಟು ಬಂದ ಮತ್ತಿನ ಡಾಕ್ಟರು ಗಾಯ ನೋಡಿದರು. ನನ್ನನ್ನು ಒಬ್ಬಳನ್ನೇ ಕರೆದು, "ಕಂಬಳಿ ಬಾಟಲಿ ಆಕಾರದಲ್ಲಿ ಸುಡುತ್ತಾ ಗಿರಿಜಮ್ಮ?" ಎಂದರು. ಅವರು ಉತ್ತರಕ್ಕೆ ಕಾದರು. ಬಹಳ ಹೊತ್ತು ಕಾದು ಹೋದರು. ಆ ಮೇಲೆ ನನ್ನ ಜೊತೆ ಟೀ ಕುಡಿಯಲಿಲ್ಲ. ಮುಂದಿನ ವರ್ಷ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು.

ಕೆಂಚಮ್ಮನಿಗೆ ದಾವಣಗೆರೆಯಲ್ಲಿ ತೊಡೆಯ ಚರ್ಮ ತೆಗೆದು ಹಿಮ್ಮಡಿಗೆ ಹಾಕಿದರು. ಅವಳು ನಡೆದಳು, ಆದರೆ ಬಲಗಾಲಿನ ತುದಿಯ ಮೇಲೆ. ಕುರಿಯ ಹಿಂದೆ ಹೋಗುವುದು ನಿಂತಿತು. ಇದು ನನಗೆ ಗೊತ್ತಾದದ್ದು ಅವಳ ಊರಿನಿಂದ ಬಂದ ಬೇರೆ ಬಾಣಂತಿಯರ ಬಾಯಿಂದ. ನಾನಾಗಿ ಒಮ್ಮೆಯೂ ಹೋಗಿ ನೋಡಲಿಲ್ಲ.

ಆ ಮೇಲೆ ನಾನು ಬದಲಾದೆ ಎಂದು ಹೇಳಿಕೊಳ್ಳಬಹುದು. ಬೆಳಿಗ್ಗೆ ಬಂದವಳೇ ಬಕೆಟ್ಟಿನಲ್ಲಿ ನೀರು ಬೆಚ್ಚಗೆ ಮಾಡಿ ಸಲೈನ್ ಬಾಟಲಿ ಅದರಲ್ಲಿ ಮುಳುಗಿಸಿಡುತ್ತಿದ್ದೆ, ಕೈಗವಸು ಕಳಚಿ ಮಣಿಕಟ್ಟಿನ ಒಳಗಡೆ ಹಚ್ಚಿ ನೋಡುತ್ತಿದ್ದೆ. ಒಗೆದ ರಗ್ಗು ಹೊದಿಸಿ ಕೂರಿಸದೆ ಯಾವ ಬಸುರಿಯನ್ನೂ ಸೂಜಿಗೆ ಕಳಿಸಲಿಲ್ಲ. ಕಾಲಿನ ಹತ್ತಿರ ಬಿಸಿಯಾದದ್ದು ಏನನ್ನೂ ಇಡಲಿಲ್ಲ. ಎ.ಸಿ. ರಿಮೋಟನ್ನು ಜೇಬಿನಲ್ಲೇ ಇಟ್ಟುಕೊಂಡು, ಡಾಕ್ಟರು ಬೈದರೆ ಬೈಸಿಕೊಂಡೆ. ನನ್ನ ಡ್ಯೂಟಿಯಲ್ಲಿ ಹಲ್ಲಿನ ಸದ್ದು ಕಡಿಮೆಯಾಯಿತು. ಜನ ಮತ್ತೆ ಕೈಗುಣ ಎಂದರು. ಆ ಮಾತು ಬಂದಾಗಲೆಲ್ಲ ನಾನು ಏನಾದರೂ ಕೆಲಸದ ನೆಪ ಹೇಳಿ ಎದ್ದು ಹೋಗುತ್ತಿದ್ದೆ.

ಆದರೆ ನಾನು ರಜೆ ಹಾಕಿದ ದಿನ ಬಕೆಟ್ಟು ಖಾಲಿ. ಹುಡುಗಿಯರಿಗೆ ಹೇಳಿದೆ, ಗೋಡೆಗೆ ಬರೆದು ಅಂಟಿಸಿದೆ. ಸುಣ್ಣ ಬಳಿಯುವವರು ಅದರ ಮೇಲೆಯೇ ಬಳಿದು ಹೋದರು. ಕೊನೆಯ ವರ್ಷಗಳಲ್ಲಿ ಬಿಸಿ ಗಾಳಿ ಊದಿ ಬಾಣಂತಿಯನ್ನು ಬೆಚ್ಚಗಿಡುವ ಯಂತ್ರವೂ ಬಂತು. ಅದಕ್ಕೆ ಬೇಕಾದ ಹೊದಿಕೆ ಬರಲಿಲ್ಲ ಎಂದು ಪೆಟ್ಟಿಗೆ ಸ್ಟೋರಿನಲ್ಲೇ ಉಳಿಯಿತು. ನನ್ನ ಬೀಳ್ಕೊಡುಗೆಯ ದಿನ ಹಾರ, ಹಣ್ಣಿನ ತಟ್ಟೆ ಎಲ್ಲ ಅದರ ಮೇಲೇ ಇಟ್ಟಿದ್ದರು. ಏಪ್ರಿಲ್ ತಿಂಗಳ ಸೆಕೆಯಲ್ಲಿ ನನಗೆ ಉಣ್ಣೆಯ ಶಾಲು ಹೊದಿಸಿ ಚಪ್ಪಾಳೆ ತಟ್ಟಿದರು.

ಹೋದ ತಿಂಗಳು ನನ್ನ ಬಿ.ಪಿ. ಮಾತ್ರೆಗೆಂದು ಅದೇ ಆಸ್ಪತ್ರೆಗೆ ಹೋಗಿದ್ದೆ. ಥಿಯೇಟರಿನ ಹೊರಗಿನ ಬೆಂಚಿನ ಕೊನೆಯಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ಮೈಲವ್ವ. ನಾನು ಗುರುತು ಹಿಡಿಯುವ ಮೊದಲೇ ಅವಳು ನನ್ನ ಗುರುತು ಹಿಡಿದಳು.

"ಗಿರಿಜಮ್ಮ ಸಿಸ್ಟ್ರು ಅಲ್ಲೇನ್ರಿ? ಅವತ್ತು ನೀವು ಹೆರಿಗಿ ಮಾಡಿಸಿದ ಕೂಸಿಗೆ ಇವತ್ತು ಆಪರೇಷನ್ ರಿ. ಗಂಡು ಹುಟ್ಟೈತಿ. ಸೊಸಿ ಒಳಗ ಮಗಳ ಹತ್ರ ಅದಾಳ."

ಪಕ್ಕದ ಸಣ್ಣ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗಿಂದ ಸದ್ದು ಬರುತ್ತಿತ್ತು. ಕಟಕಟ, ಕಟಕಟ. ಹೊಸ ನರ್ಸು ಹೇಳುತ್ತಿದ್ದಳು, "ಏನಾಗಲ್ಲಮ್ಮ, ಎಲ್ಲರಿಗೂ ಆಗುತ್ತೆ, ತಾನಾಗೇ ನಿಲ್ಲುತ್ತೆ."

"ಮೈಲವ್ವ, ಕಂಬಳಿ ತಂದಿಲ್ಲೇನು?" ಎಂದೆ.

ಅವಳು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ನ ಕಂಬಳಿ ಸುಡತೈತಲ್ರಿ. ನಾ ಹೊದ್ದಿಸಿದ್ದಕ್ಕ ಸೊಸಿ ಕಾಲು ಹೋತು. ಅವತ್ತಿಂದ ನಾ ಯಾವ ಬಾಣಂತೀನೂ ಮುಟ್ಟಿಲ್ರಿ. ಕೂಸನ್ನೂ ದೂರದಿಂದ ನೋಡೋದು."

ಇಪ್ಪತ್ತು ವರ್ಷ. ಅವಳ ಪಕ್ಕದಲ್ಲೇ ಕುಳಿತೆ. ಎಲ್ಲ ಹೇಳಿದೆ. ಬಾಟಲಿ, ಕುದಿಯುವ ನೀರು, ಕೈಗವಸು, ದೊಡ್ಡ ಸಿಸ್ಟರ ಮಾತು, ನನ್ನ ಮೌನ. "ನಿನ್ನ ಕಂಬಳಿ ಸುಡಲಿಲ್ಲವ್ವ. ಸುಟ್ಟಾಕಿ ನಾನು. ಕೆಂಚಮ್ಮನಿಗೂ ಹೇಳ್ತೀನಿ, ನಿನ್ನ ಮಗನಿಗೂ ಹೇಳ್ತೀನಿ" ಎಂದೆ. ಅಳುತ್ತಿದ್ದೆ.

ಅವಳು ಕೊನೆಯ ತನಕ ಕೇಳಿದಳು. ಆಮೇಲೆ ಸೆರಗಿನಿಂದ ಕೈ ತೆಗೆದು ನನ್ನ ಬೆನ್ನು ಸವರಲು ಬಂದವಳು, ಅರ್ಧಕ್ಕೇ ಹಿಂದೆ ಎಳೆದುಕೊಂಡಳು.

"ಅಳಬ್ಯಾಡ್ರಿ. ನನ್ನ ಮನಸು ನೋಯಬಾರದು ಅಂತ ಹಂಗ ಹೇಳ್ತೀರಿ, ನನಗ ಗೊತ್ತೈತಿ. ನಿಮ್ಮಂಥೋರು ಎಲ್ಲಿ ಸಿಗತಾರ್ರಿ?"

"ಇಲ್ಲ ಮೈಲವ್ವ, ಖರೇನ ಹೇಳ್ತೀನಿ."

ಅವಳು ಇಲ್ಲ ಎನ್ನುವಂತೆ ತಲೆಯಾಡಿಸಿದಳು. ಒಳಗೆ ಹಲ್ಲಿನ ಸದ್ದು ಜೋರಾಯಿತು. ಅವಳ ಮುಖ ಬಾಗಿಲ ಕಡೆ ಹೊರಳಿತು. ಎದ್ದು ಹೋಗಲು ಅವಳ ಇಡೀ ಮೈ ಮುಂದೆ ಬಾಗಿತು, ಆದರೆ ಅವಳು ಏಳಲಿಲ್ಲ.

"ಮೊಮ್ಮಗಳು ನಡಗಾಕತ್ತಾಳ. ನೀವ ಒಳಗ ಹೋಗ್ರಿ ಸಿಸ್ಟ್ರಮ್ಮ" ಎಂದಳು. "ನೀವ ಹೊದ್ದಿಸ್ರಿ. ನಿಮ್ಮ ಕೈಗುಣ ಚಲೋ ಐತ್ರಿ."